ಪಿನ್ ಕೂತ ಮಾತ್ರಕ್ಕೆ ಲೋಡ್ ತಡೆಯುವುದಿಲ್ಲ

(ಬಡಾವಣೆಯ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮೊದಲು ಈ ಟಾಪ್ ನೋಡಿ, ಒಬ್ಬರಿಂದೊಬ್ಬರಿಗೆ ದಾಟಿಸಿ. ತ್ರೀ ಪಿನ್ ಪ್ಲಗ್ಗನ್ನು ನಮ್ಮ ವೈರ್‌ಮನ್‌ಗಳು ಟಾಪ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಇದನ್ನು ನೀರು ಕಾಯಿಸುವ 1500 ವ್ಯಾಟ್ ರಾಡಿಗೆ ಹಾಕಿದ್ದರು. ಒಂದು ಪಿನ್ನಿನ ಬುಡದಲ್ಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿಕೊಂಡಿದೆ. ಪಿನ್ ಕಪ್ಪಾಗಿದೆ. ಅದರ ಜೋಡಿ ಪಿನ್ ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಹೊಳೆಯುತ್ತಿದೆ.

ಟಾಪ್ ನಿಮ್ಮ ಕೈಗೆ ಬಂದಾಗ ಒಂದು ಯೋಚನೆ ಮಾಡಿ. ಫೇಸಿನಲ್ಲಿ ಎಷ್ಟು ಕರೆಂಟು ಹೋಗುತ್ತದೋ ನ್ಯೂಟ್ರಲ್‌ನಲ್ಲೂ ಅಷ್ಟೇ ವಾಪಸ್ ಬರಬೇಕು. ಎರಡೂ ಪಿನ್ನಿನಲ್ಲಿ ಹರಿದದ್ದು ಒಂದೇ ಕರೆಂಟು. ಹಾಗಿದ್ದರೆ ಒಂದೇ ಯಾಕೆ ಸುಟ್ಟಿತು? ಉತ್ತರಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ಸಣ್ಣ ಲೆಕ್ಕ ಇದೆ.

ಇವತ್ತು ನೀವು ಕಲಿಯಬೇಕಾದ ಗಣಿತ ಒಂದೇ ಒಂದು ಭಾಗಾಕಾರ. ಯಾವುದೇ ಸಾಮಾನಿನ ಹಿಂದೆ ಅಥವಾ ತಳದಲ್ಲಿ ಒಂದು ಚೀಟಿ ಇರುತ್ತದೆ. ಅದರಲ್ಲಿರುವ ವ್ಯಾಟ್ ಅನ್ನು 230ರಿಂದ, ಅಂದರೆ ನಮ್ಮ ಮನೆಗೆ ಬರುವ ವೋಲ್ಟೇಜಿನಿಂದ, ಭಾಗಿಸಿ. ಬಂದದ್ದು ಆಂಪಿಯರ್. 750 ವ್ಯಾಟಿನ ಮಿಕ್ಸಿ ಸುಮಾರು 3.3 ಆಂಪಿಯರ್ ಎಳೆಯುತ್ತದೆ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ 4.3. ಈ ರಾಡ್ 6.5. ಇಂಡಕ್ಷನ್ ಸ್ಟೌವ್ 2000 ವ್ಯಾಟಿನದಾದರೆ 8.7. ಟ್ಯಾಂಕ್ ಇರುವ ಗೀಸರ್ ಸಾಮಾನ್ಯವಾಗಿ 2000 ವ್ಯಾಟ್, ಅದೂ 8.7. ಗೋಡೆಗೆ ಅಂಟಿಕೊಂಡಿರುವ ಪುಟ್ಟ ಇನ್‌ಸ್ಟಂಟ್ ಗೀಸರ್ ನೋಡಲು ಪಾಪದ್ದು, ಆದರೆ 3000 ವ್ಯಾಟ್. ಅಂದರೆ 13 ಆಂಪಿಯರ್! ಟಿವಿ, ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬು ಇವೆಲ್ಲ ಈ ಲೆಕ್ಕದಲ್ಲಿ ಚಿಲ್ಲರೆ. ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಈಗ ಗೋಡೆಯ ಕಡೆ ನೋಡೋಣ. ನಮ್ಮಲ್ಲಿ ಎರಡು ಗಾತ್ರದ ಸಾಕೆಟ್ ಇದೆ. ಸಣ್ಣದು 6 ಆಂಪಿಯರ್, ದೊಡ್ಡದು 16 ಆಂಪಿಯರ್. ಮೊದಲು 5 ಮತ್ತು 15 ಅನ್ನುತ್ತಿದ್ದೆವು, ಹಳೇ ವೈರ್‌ಮನ್‌ಗಳು ಈಗಲೂ ಫೈವ್ ಆಂಪ್, ಫಿಫ್ಟೀನ್ ಆಂಪ್ ಅಂತಲೇ ಹೇಳುತ್ತಾರೆ. ಮನೆಯವರು ದೊಡ್ಡದಕ್ಕೆ ಪವರ್ ಪ್ಲಗ್ ಅನ್ನುತ್ತಾರೆ. ಆರನ್ನು 230ರಿಂದ ಗುಣಿಸಿದರೆ 1380 ವ್ಯಾಟ್. ಹದಿನಾರನ್ನು ಗುಣಿಸಿದರೆ 3680. ಇವತ್ತು ಬೇರೆಲ್ಲ ಮರೆತರೂ 1380 ಅನ್ನುವುದನ್ನು ಮರೆಯಬೇಡಿ. ಅದಕ್ಕಿಂತ ಜಾಸ್ತಿ ವ್ಯಾಟ್ ಇರುವ ಯಾವುದಕ್ಕೂ ಸಣ್ಣ ಸಾಕೆಟ್ ಜಾಗ ಅಲ್ಲ. ರಾಡ್ 1500, ಚೀಟಿಯಲ್ಲೇ ಬರೆದಿದೆ. ಆದರೂ ಎಷ್ಟು ಮನೆಗಳಲ್ಲಿ ಬಚ್ಚಲಿನ ಪಕ್ಕದ ಸಣ್ಣ ಸಾಕೆಟ್ಟಿಗೆ ಸಿಕ್ಕಿಸಿರುತ್ತಾರೆ ಹೇಳಿ?

ಈ ದುಂಡು ಪಿನ್ನಿನ ಕತೆ ಸ್ವಲ್ಪ ಸ್ವಾರಸ್ಯವಾಗಿದೆ. ಇದು ಬ್ರಿಟಿಷರದ್ದು. 1934ರಲ್ಲಿ ಅವರು ಮಾಡಿದ ಬಿಎಸ್ 546 ಅನ್ನುವ ಮಾನದಂಡದ ಕೂಸು. ಅದರಲ್ಲಿ ಲೋಡಿಗೆ ತಕ್ಕ ಹಾಗೆ ಪಿನ್ನಿನ ದಪ್ಪ ಬೇರೆ ಬೇರೆ. ಸಣ್ಣ ಟಾಪಿನಲ್ಲಿ ಕರೆಂಟು ಹರಿಯುವ ಪಿನ್ ಸುಮಾರು 5 ಮಿಲಿಮೀಟರ್ ದಪ್ಪ, ಅರ್ತ್ ಪಿನ್ 7. ದೊಡ್ಡ ಟಾಪಿನಲ್ಲಿ ಕರೆಂಟಿನ ಪಿನ್ನೇ 7, ಅರ್ತ್ 8.7. ಗಮನಿಸಿದಿರಾ? ಸಣ್ಣದರ ಅರ್ತ್ ಪಿನ್ನೂ ದೊಡ್ಡದರ ಫೇಸ್ ಪಿನ್ನೂ ಒಂದೇ ದಪ್ಪ. ಅಂದರೆ ದೊಡ್ಡ ಲೋಡಿನ ಟಾಪ್ ಸಣ್ಣ ಸಾಕೆಟ್ಟಿಗೆ ಏನು ಮಾಡಿದರೂ ಹೋಗುವುದಿಲ್ಲ. ಅದು ಬೇಕಂತಲೇ ಮಾಡಿದ್ದು. ಓದು ಬರಹ ಬಾರದವರನ್ನೂ ಪಿನ್ನೇ ತಡೆಯುತ್ತದೆ.

ಬ್ರಿಟಿಷರು 1947ರಲ್ಲಿ ಇದನ್ನು ಕೈಬಿಟ್ಟು ಚೌಕ ಪಿನ್ನಿನ 13 ಆಂಪಿಯರ್ ಪ್ಲಗ್ ತಂದರು. ಎಲ್ಲ ಸಾಮಾನಿಗೂ ಒಂದೇ ಪ್ಲಗ್. ಆದರೆ ಪ್ರತಿ ಪ್ಲಗ್ಗಿನ ಹೊಟ್ಟೆಯಲ್ಲಿ ಒಂದು ಫ್ಯೂಸ್ ಇಟ್ಟರು. ಟೇಬಲ್ ಲ್ಯಾಂಪಿಗೆ 3 ಆಂಪಿಯರ್ ಫ್ಯೂಸ್, ಕೆಟಲ್‌ಗೆ 13. ಹಾಗಾಗಿ ವೈರ್ ಬಿಸಿಯಾಗುವ ಮೊದಲು ಪ್ಲಗ್ಗೇ ಕಡಿದುಕೊಳ್ಳುತ್ತದೆ. ನಾವು ದುಂಡು ಪಿನ್ನನ್ನೇ ಉಳಿಸಿಕೊಂಡೆವು. ಈಗ ಅದು ಐಎಸ್ 1293 ಅನ್ನುವ ನಮ್ಮದೇ ಮಾನದಂಡದಲ್ಲಿದೆ. ನಮ್ಮ ಟಾಪಿನಲ್ಲಿ ಫ್ಯೂಸ್ ಇಲ್ಲ. ನಮಗಿರುವ ಕಾವಲು ಪಿನ್ನಿನ ದಪ್ಪ ಒಂದೇ.

ಆ ಕಾವಲನ್ನು ನಾವು ಹೇಗೆಲ್ಲ ತಪ್ಪಿಸುತ್ತೇವೆ ನೋಡಿ. ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಕನ್ವರ್ಟರ್ ಕೊಡಿ ಅಂದರೆ ಒಂದು ಪುಟ್ಟ ಡಬ್ಬಿ ಕೊಡುತ್ತಾರೆ. ಮೇಲೆ ದೊಡ್ಡ ಟಾಪಿನ ತೂತು, ಕೆಳಗೆ ಸಣ್ಣ ಟಾಪಿನ ಪಿನ್. ಕೆಲವೇ ರೂಪಾಯಿಯ ಸಾಮಾನು. ತೊಂಬತ್ತು ವರ್ಷದಿಂದ ಪಿನ್ ಮಾಡಿಕೊಂಡು ಬಂದ ಕೆಲಸವನ್ನು ಅದು ಒಂದೇ ಏಟಿಗೆ ಮುಗಿಸುತ್ತದೆ. ನನ್ನನ್ನು ಕೇಳಿದರೆ ಅದನ್ನು ಮಾರುವುದೇ ತಪ್ಪು.

ಎರಡನೆಯದು ಟಾಪನ್ನೇ ಕತ್ತರಿಸುವುದು. ಓವನ್ ಬಂತು, ಅದಕ್ಕೆ ದೊಡ್ಡ ಟಾಪ್ ಇದೆ, ಮನೆಯಲ್ಲಿ ಸಣ್ಣ ಸಾಕೆಟ್. ಕತ್ತರಿಸಿ ಸಣ್ಣದು ಹಾಕು ಅಂತ ಹುಡುಗನಿಗೆ ಹೇಳುತ್ತೇವೆ. ಅವನು ಹಾಕಿ ಐವತ್ತು ರೂಪಾಯಿ ತೆಗೆದುಕೊಂಡು ಹೋಗುತ್ತಾನೆ. ಟಾಪೇ ಇಲ್ಲದೆ ವೈರ್ ತುದಿ ಸುಲಿದು ಬೆಂಕಿಕಡ್ಡಿ ಸಿಕ್ಕಿಸುವವರ ಬಗ್ಗೆ ನಾನು ಮಾತಾಡುವುದಿಲ್ಲ. ಅವರು ಈ ಸಭೆಗೆ ಬಂದಿಲ್ಲ ಅಂದುಕೊಳ್ಳುತ್ತೇನೆ. (ನಗು)

ಮೂರನೆಯದು ನಿಜಕ್ಕೂ ಮೋಸದ್ದು, ಯಾಕೆಂದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಈಗ ಎರಡೂ ಗಾತ್ರದ ಟಾಪ್ ಕೂರುವ 6/16 ಸಾಕೆಟ್ ಬಂದಿದೆ, ಒಳ್ಳೆಯ ಸಾಮಾನು. ಆದರೆ ಬೋರ್ಡ್ ಬದಲಾಯಿಸುವಾಗ ಹಳೇ 6 ಆಂಪಿಯರ್ ಸಾಕೆಟ್ ತೆಗೆದು ಅದೇ ವೈರಿಗೆ ಈ ಸಾಕೆಟ್ ಕೂರಿಸಿಬಿಡುತ್ತಾರೆ. ಪಕ್ಕದ ಸ್ವಿಚ್ ಅದೇ ಸಣ್ಣದು. ಗೋಡೆಯೊಳಗಿನ ವೈರ್ ಅದೇ ಒಂದೂವರೆ ಸ್ಕ್ವೇರ್ ಎಂಎಂ, ಇನ್ನೂ ಹಳೇ ಮನೆಯಾದರೆ ಒಂದೇ ಸ್ಕ್ವೇರ್. ಅದೂ ದೀಪ, ಫ್ಯಾನಿನ ವೈರಿನಿಂದಲೇ ಕವಲು ತೆಗೆದದ್ದು. ಪವರ್ ಪಾಯಿಂಟ್ ಅಂದರೆ ಎರಡೂವರೆ ಸ್ಕ್ವೇರ್ ವೈರ್ ಬೇರೆಯಾಗಿ ಮೇನ್ ಬೋರ್ಡಿನಿಂದ ಬರಬೇಕು. ಗೀಸರಿಗೆ, ಎಸಿಗೆ ನಾಲ್ಕು ಸ್ಕ್ವೇರ್ ಎಳೆಯುವುದು ರೂಢಿ. ಸಾಕೆಟ್ ದೊಡ್ಡದಾದ ಮಾತ್ರಕ್ಕೆ ಗೋಡೆಯೊಳಗಿನ ವೈರ್ ದಪ್ಪವಾಗುವುದಿಲ್ಲ. ಹಾಗಾಗಿ ಸಾಕೆಟ್ಟಿನ ಮೇಲೆ 16 ಅಂತ ಇದ್ದರೆ ಅಷ್ಟಕ್ಕೇ ನಂಬಬೇಡಿ. ಟಾಪ್, ಸಾಕೆಟ್, ಸ್ವಿಚ್, ವೈರ್, ಇದರಲ್ಲಿ ಯಾವುದು ಎಲ್ಲಕ್ಕಿಂತ ಸಣ್ಣದೋ ಅದೇ ಆ ಪಾಯಿಂಟಿನ ನಿಜವಾದ ಲೆಕ್ಕ.

ಇಲ್ಲಿರುವ ಹಿರಿಯರಿಗೆ ಒಂದು ಮಾತು ನೆನಪಿರಬಹುದು. ಕೆಇಬಿ ಕಾಲದಲ್ಲಿ ಬರೀ ದೀಪದ ಕನೆಕ್ಷನ್ ಬೇರೆ, ಎಇಎಚ್ ಅಂದರೆ ಆಲ್ ಎಲೆಕ್ಟ್ರಿಕ್ ಹೋಮ್ ಕನೆಕ್ಷನ್ ಬೇರೆ. ನಮ್ಮ ಮನೆಗೆ ಎಇಎಚ್ ಇದೆ ಅಂತ ಹೇಳಿಕೊಳ್ಳುವುದೇ ಒಂದು ಗತ್ತು! ಎಇಎಚ್ ಮನೆಯಲ್ಲಿ ಬಚ್ಚಲಿಗೊಂದು, ಅಡುಗೆಮನೆಗೊಂದು ಪವರ್ ಪಾಯಿಂಟ್ ಇರುತ್ತಿತ್ತು. ಉಳಿದ ಕೋಣೆಗಳಿಗೆಲ್ಲ ಸಣ್ಣ ಸಾಕೆಟ್. ಆಗ ಅದು ಸಾಕಿತ್ತು. ಈಗ ಅದೇ ಅಡುಗೆಮನೆಯಲ್ಲಿ ಇಂಡಕ್ಷನ್, ಓವನ್, ಕೆಟಲ್, ಏರ್ ಫ್ರೈಯರ್ ಎಲ್ಲ ಸೇರಿವೆ. ಪಾಯಿಂಟ್ ಮಾತ್ರ ಒಂದೇ. ನಿಮ್ಮ ಕರೆಂಟು ಬಿಲ್ಲಿನಲ್ಲಿ ಮಂಜೂರಾದ ಲೋಡ್ ಅಂತ ಒಂದು ಕಡೆ ಕಿಲೋವ್ಯಾಟಿನಲ್ಲಿ ಇರುತ್ತದೆ, ಮನೆಗೆ ಹೋಗಿ ನೋಡಿ. 3 ಕಿಲೋವ್ಯಾಟ್ ಇದ್ದರೆ ಇಡೀ ಮನೆಗೆ ಸೇರಿ 13 ಆಂಪಿಯರ್. ಒಂದು ಇನ್‌ಸ್ಟಂಟ್ ಗೀಸರ್ ಹಾಕಿದರೆ ಅಲ್ಲಿಗೆ ಮುಗಿಯಿತು.

ಸರಿ, ಟಾಪ್ ಈಗ ಮೂರನೇ ಸಾಲಿಗೆ ಬಂದಿದೆ. ಪ್ರಶ್ನೆಗೆ ಬರೋಣ. ಒಂದೇ ಪಿನ್ ಯಾಕೆ ಸುಟ್ಟಿತು?

ಅದರ ಸ್ಕ್ರೂ ಬಿಚ್ಚಿ ಒಳಗೆ ನೋಡಿದರೆ ಉತ್ತರ ಸಿಗುತ್ತದೆ. ಚೆನ್ನಾಗಿರುವ ಪಿನ್ನಿನಲ್ಲಿ ತಾಮ್ರದ ಎಳೆಗಳೆಲ್ಲ ಒಟ್ಟಾಗಿ ಹೊಸೆದು ಸ್ಕ್ರೂ ಕೆಳಗೆ ಕೂತಿವೆ. ಸುಟ್ಟ ಪಿನ್ನಿನಲ್ಲಿ ಅರ್ಧ ಎಳೆಗಳು ಮಾತ್ರ ಸ್ಕ್ರೂ ಕೆಳಗಿವೆ. ಉಳಿದವು ಪಕ್ಕಕ್ಕೆ ಚೆದುರಿವೆ. ಸ್ಕ್ರೂ ಕೂಡ ಬೆರಳಲ್ಲೇ ತಿರುಗುವಷ್ಟು ಸಡಿಲ. ಅಂದರೆ ಲೋಹಕ್ಕೆ ಲೋಹ ಸರಿಯಾಗಿ ತಾಗಿಲ್ಲ. ಆ ಜಾಗದಲ್ಲಿ ಒಂದಿಷ್ಟು ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಹುಟ್ಟಿಕೊಂಡಿದೆ. ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ.

ಎಷ್ಟು ಅಂತ ಅಂದಾಜು ಮಾಡೋಣ. ಬರೀ 0.1 ಓಮ್ ಅನ್ನೋಣ. ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಅಲ್ಲಿ ಹುಟ್ಟುವ ಬಿಸಿ ಅಂದರೆ ಕರೆಂಟನ್ನು ಕರೆಂಟಿನಿಂದಲೇ ಗುಣಿಸಿ, ಮತ್ತೆ ರೆಸಿಸ್ಟೆನ್ಸಿನಿಂದ ಗುಣಿಸಬೇಕು. ಇಸ್ತ್ರಿ ಪೆಟ್ಟಿಗೆ ಇದ್ದಿದ್ದರೆ ಎರಡು ವ್ಯಾಟಿಗೂ ಕಡಿಮೆ. ಈ ರಾಡಿಗೆ ನಾಲ್ಕು ಚಿಲ್ಲರೆ. ಇಂಡಕ್ಷನ್‌ಗೆ ಏಳೂವರೆ. ಇನ್‌ಸ್ಟಂಟ್ ಗೀಸರ್ ಇದ್ದಿದ್ದರೆ ಹದಿನೇಳು ವ್ಯಾಟ್. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಸಣ್ಣ ಲೋಡಿನಲ್ಲಿ ವರ್ಷಗಟ್ಟಲೆ ಸುಮ್ನೆ ಇದ್ದ ಲೂಸ್ ಕನೆಕ್ಷನ್, ದೊಡ್ಡ ಲೋಡ್ ಹಾಕಿದ ವಾರದಲ್ಲೇ ಸುಟ್ಟುಹೋಗುತ್ತದೆ.

ಅಷ್ಟಕ್ಕೇ ನಿಲ್ಲುವುದಿಲ್ಲ. ಬಿಸಿಯಾದ ಹಿತ್ತಾಳೆ ಕಪ್ಪಾಗುತ್ತದೆ. ಸಾಕೆಟ್ಟಿನೊಳಗೆ ಪಿನ್ನನ್ನು ಹಿಡಿದುಕೊಂಡಿರುವ ಪಟ್ಟಿಯ ಬಿಗಿ ಹೋಗುತ್ತದೆ. ರೆಸಿಸ್ಟೆನ್ಸ್ ಇನ್ನೂ ಏರುತ್ತದೆ. ಅರ್ಧ ಓಮ್‌ಗೆ ಬಂತು ಅನ್ನಿ, ಈ ರಾಡಿಗೇ ಇಪ್ಪತ್ತು ವ್ಯಾಟಿನ ಮೇಲೆ ಬಿಸಿ ಒಂದು ಸ್ಕ್ರೂ ಸುತ್ತ ಸೇರುತ್ತದೆ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದನ್ನು ಟಾಪಿನೊಳಗೆ ಬಚ್ಚಿಟ್ಟು ಬೀಗ ಹಾಕಿಕೊಂಡು ಊರಿಗೆ ಹೋದ ಹಾಗೆ.

ಯಾರೋ ಎಂಸಿಬಿ ಇದೆಯಲ್ಲ ಅನ್ನುತ್ತಿದ್ದೀರಿ, ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಮೇನ್ ಬೋರ್ಡಿನ ಸ್ವಿಚ್ಚು. ಒಳ್ಳೆಯ ಪ್ರಶ್ನೆ. ಎಲ್ಲರೂ ನಂಬಿಕೊಂಡಿರುವುದು ಅದನ್ನೇ. ಆದರೆ ಎಂಸಿಬಿಗೆ ಗೊತ್ತಾಗುವುದು ಕರೆಂಟು ಮಾತ್ರ. ಟಾಪ್ ಬಿಸಿಯಾದದ್ದು ಅದಕ್ಕೆ ತಿಳಿಯುವುದಿಲ್ಲ. ರಾಡಿನ ರೆಸಿಸ್ಟೆನ್ಸ್ 35 ಓಮ್ ಚಿಲ್ಲರೆ, ಅದಕ್ಕೆ ಅರ್ಧ ಓಮ್ ಸೇರಿದರೆ ಕರೆಂಟು 6.5 ಇದ್ದದ್ದು 6.4 ಆಗುತ್ತದೆ. ಟಾಪ್ ಕರಗುತ್ತಿರುವಾಗ ಕರೆಂಟು ಕಡಿಮೆಯಾಗಿರುತ್ತದೆ! ಎಂಸಿಬಿ ಯಾಕೆ ಟ್ರಿಪ್ ಆಗಬೇಕು?

ಇನ್ನೊಂದು ವಿಷಯ. 16 ಆಂಪಿಯರ್ ಎಂಸಿಬಿ 16 ದಾಟಿದ ಕೂಡಲೇ ಬೀಳುವುದಿಲ್ಲ. ಅದರ ನಿಯಮದ ಪ್ರಕಾರ 18 ಆಂಪಿಯರ್ ಹರಿದರೂ ಒಂದು ಗಂಟೆಯೊಳಗೆ ಬೀಳಬಾರದು. 23 ಚಿಲ್ಲರೆ ಹರಿದರೆ ಒಂದು ಗಂಟೆಯೊಳಗೆ ಬಿದ್ದರೆ ಸಾಕು. ಈಗ ಆ 16ರ ಎಂಸಿಬಿ ಕೆಳಗೆ 6 ಆಂಪಿಯರ್ ಸಾಕೆಟ್ ಇದೆ, ಅದರಲ್ಲಿ 11 ಆಂಪಿಯರ್ ಎಳೆಯುತ್ತಿದ್ದೀರಿ ಅನ್ನಿ. ಎಂಸಿಬಿ ದೃಷ್ಟಿಯಲ್ಲಿ ಎಲ್ಲ ಸರಿಯಿದೆ. ಬೆಳಗಿನವರೆಗೆ ಎಳೆದರೂ ಅದು ಕದಲುವುದಿಲ್ಲ. ಅದು ಕಾಯುವುದು ಗೋಡೆಯೊಳಗಿನ ವೈರನ್ನು. ಟಾಪನ್ನು ಕಾಯುವ ಕೆಲಸ ನಿಮ್ಮದೇ.

ಹನ್ನೊಂದು ಆಂಪಿಯರ್ ಎಲ್ಲಿಂದ ಬರುತ್ತದೆ ಅಂತೀರಾ? ಎಕ್ಸ್‌ಟೆನ್ಷನ್ ಬಾಕ್ಸಿನಿಂದ. ಪಿಜಿಯಲ್ಲಿರುವ ಮಕ್ಕಳ ಕೋಣೆಗೆ ಹೋಗಿ ನೋಡಿ. ಗೋಡೆಯಲ್ಲಿ ಒಂದು ಸಾಕೆಟ್, ಅದಕ್ಕೊಂದು ಬಾಕ್ಸ್. ಅದರಲ್ಲಿ 1500 ವ್ಯಾಟಿನ ಕೆಟಲ್, 1000 ವ್ಯಾಟಿನ ಇಸ್ತ್ರಿ. ಎರಡೂ ಸೇರಿ 10.9 ಆಂಪಿಯರ್, ಬೆಳಿಗ್ಗೆ ಎಂಟು ಗಂಟೆಗೆ, ಎಲ್ಲರೂ ಅವಸರದಲ್ಲಿ ಇರುವಾಗ. ಬಾಕ್ಸಿನಲ್ಲಿ ನಾಲ್ಕು ಸಾಕೆಟ್ ಇದೆ ಅಂದರೆ ನಾಲ್ಕು ಆರಲಿ ಇಪ್ಪತ್ತನಾಲ್ಕು ಅಂತ ಲೆಕ್ಕ ಹಾಕಬೇಡಿ. ಕರೆಂಟೆಲ್ಲ ಬರುವುದು ಒಂದೇ ಟಾಪಿನಿಂದ. ಆ ಟಾಪ್ 6 ಆದರೆ ನಾಲ್ಕೂ ಸೇರಿ ಆರು. ಬಾಕ್ಸಿನ ಹಿಂದೆ ಅದರ ಮಿತಿ ವ್ಯಾಟಿನಲ್ಲೋ ಆಂಪಿಯರಿನಲ್ಲೋ ಬರೆದಿರುತ್ತದೆ. ಬರೆದೇ ಇಲ್ಲ ಅಂದರೆ ಆ ಬಾಕ್ಸ್ ತೆಗೆದುಕೊಳ್ಳಬೇಡಿ. ಮದುವೆ ಮನೆಯ ವೈರ್ ಸುರುಳಿಯ ಬಗ್ಗೆಯೂ ಒಂದು ಮಾತು. ದೊಡ್ಡ ಲೋಡ್ ಹಾಕುವುದಿದ್ದರೆ ಸುರುಳಿಯನ್ನು ಪೂರ್ತಿ ಬಿಚ್ಚಿ. ಸುತ್ತಿದ ಹಾಗೇ ಬಿಟ್ಟರೆ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ, ಒಳಗಿನ ಸುತ್ತುಗಳು ಕರಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಹೊತ್ತಿನ ಲೆಕ್ಕವೂ ಮುಖ್ಯ. ಮಿಕ್ಸಿ ಮೂರು ನಿಮಿಷ ಓಡುತ್ತದೆ. ಫ್ರಿಜ್ಜಿನ ಮೋಟರ್ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ, ಆದರೆ ಅದು ಕ್ಷಣ ಮಾತ್ರ, ಟಾಪ್ ಬಿಸಿಯಾಗುವಷ್ಟು ಹೊತ್ತಲ್ಲ. ಗೀಸರ್ ಇಪ್ಪತ್ತು ನಿಮಿಷ. ಈಗ ಹೊಸದಾಗಿ ಎಲೆಕ್ಟ್ರಿಕ್ ಕಾರು ಬಂದಿದೆ. ಅದರ ಜೊತೆ ಕೊಡುವ ಪೋರ್ಟಬಲ್ ಚಾರ್ಜರ್ 3.3 ಕಿಲೋವ್ಯಾಟಿನದಾದರೆ 14 ಆಂಪಿಯರ್ ಚಿಲ್ಲರೆ, ಅದೂ ರಾತ್ರಿಯಿಡೀ. 16ಕ್ಕಿಂತ ಕಡಿಮೆ ಇದೆಯಲ್ಲ ಅನ್ನಬಹುದು. ಕಾಗದದ ಮೇಲೆ ನಿಜ. ಆದರೆ ಪಾರ್ಕಿಂಗ್ ಕಂಬದ ಮೇಲೆ ಹತ್ತು ವರ್ಷದಿಂದ ಧೂಳು ಕುಡಿಯುತ್ತಿರುವ ಸಾಕೆಟ್ಟಿಗೆ ಆ ಕೆಲಸ ಒಪ್ಪಿಸಬೇಡಿ. ಮೇನ್ ಬೋರ್ಡಿನಿಂದ ಬೇರೆ ವೈರ್ ಎಳೆಸಿ, ಕಾರ್ಖಾನೆಗಳಲ್ಲಿ ಬಳಸುವ ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ. ಕಾರಿಗೆ ಲಕ್ಷಗಟ್ಟಲೆ ಕೊಟ್ಟವರು ಸಾಕೆಟ್ಟಿಗೆ ಚೌಕಾಸಿ ಮಾಡುವುದು ನನಗೆ ಅರ್ಥವೇ ಆಗುವುದಿಲ್ಲ.

ಮಕ್ಕಳು ಹೊರದೇಶದಲ್ಲಿರುವವರು ಇಲ್ಲಿ ಸುಮಾರು ಜನ ಇದ್ದೀರಿ. ದುಬೈ, ಕತಾರ್, ಕುವೈತಿನಿಂದ ಮಂಗಳೂರು, ಉಡುಪಿ ಕಡೆಗೆ ಬರುವ ಪೆಟ್ಟಿಗೆಗಳಲ್ಲಿ ಕೆಟಲ್ ಇರುವುದು ಮಾಮೂಲು. ಲಂಡನ್ನಿನಿಂದಲೂ ಅಷ್ಟೇ. ಅಲ್ಲೆಲ್ಲ ಆ ಚೌಕ ಪಿನ್ನಿನ 13 ಆಂಪಿಯರ್ ಪ್ಲಗ್. ಅಲ್ಲಿನ ಕೆಟಲ್ 3000 ವ್ಯಾಟಿನವರೆಗೂ ಇರುತ್ತದೆ, ಎರಡು ನಿಮಿಷದಲ್ಲಿ ನೀರು ಕುದಿಯುತ್ತದೆ ಅಂತ ಖುಷಿ. ಇಲ್ಲಿ ಅದನ್ನು ಟ್ರಾವೆಲ್ ಅಡಾಪ್ಟರಿಗೆ ಸಿಕ್ಕಿಸಿ, ಅಡಾಪ್ಟರನ್ನು ಸಣ್ಣ ಸಾಕೆಟ್ಟಿಗೆ ಸಿಕ್ಕಿಸುತ್ತೀರಿ. 6ರ ಜಾಗದಲ್ಲಿ 13. ಪ್ಲಗ್ಗಿನೊಳಗೆ ಫ್ಯೂಸ್ ಇದೆ ನಿಜ, ಅದೂ 13ರದ್ದೇ.

ಯುರೋಪಿನದು ಇನ್ನೂ ಉಪಾಯದ್ದು. ಜರ್ಮನಿ ಕಡೆಯ ಎರಡು ದುಂಡು ಪಿನ್ನಿನ ಪ್ಲಗ್ ಅಡಾಪ್ಟರ್ ಇಲ್ಲದೆಯೇ ನಮ್ಮ ಎಷ್ಟೋ ಸಣ್ಣ ಸಾಕೆಟ್ಟಿನೊಳಗೆ ಹೋಗುತ್ತದೆ. ಪಿನ್ನುಗಳ ನಡುವಿನ ಅಂತರ ನಮ್ಮದಕ್ಕೂ ಅದಕ್ಕೂ ಒಂದೇ, 19 ಮಿಲಿಮೀಟರ್. ಆದರೆ ಅದರ ಪಿನ್ 4.8 ಮಿಲಿಮೀಟರ್, ನಮ್ಮ ಸಾಕೆಟ್ ಮಾಡಿರುವುದು 5ರ ಮೇಲಿನ ಪಿನ್ನಿಗೆ. ಹಾಗಾಗಿ ಒಳಗೆ ಹೋಗುತ್ತದೆ, ಬಿಗಿಯಾಗಿ ಕೂರುವುದಿಲ್ಲ. ಅರ್ತ್ ಅಂತೂ ಸಿಗುವುದೇ ಇಲ್ಲ, ಯಾಕೆಂದರೆ ಅವರ ಅರ್ತ್ ಪ್ಲಗ್ಗಿನ ಪಕ್ಕದ ಪಟ್ಟಿಯಲ್ಲಿದೆ. ಅಲ್ಲಿ ಆ ಪ್ಲಗ್ 16 ಆಂಪಿಯರ್ ಹೊರುತ್ತದೆ. 2000 ವ್ಯಾಟಿನ ಹೇರ್ ಡ್ರೈಯರ್ ಹಾಕಿದರೆ ಏನಾಗುತ್ತದೆ ಅಂತ ಈಗ ನೀವೇ ಹೇಳಬಲ್ಲಿರಿ. ಅಮೆರಿಕದ ಸಾಮಾನಿನ ಸುದ್ದಿಗೆ ಹೋಗುವುದಿಲ್ಲ, ಅವರದು 120 ವೋಲ್ಟ್, ತೊಂದರೆಯೇ ಬೇರೆ.

ವೋಲ್ಟೇಜ್ ಅಂದಾಗ ನೆನಪಾಯಿತು. ನಾನು ಎಲ್ಲ ಕಡೆ 230 ಅಂದೆ. ನಡುರಾತ್ರಿ 250 ಬರುವ ಬೀದಿಗಳಿವೆ. ರಾಡ್, ಗೀಸರ್, ಕೆಟಲ್ ಇವು ವೋಲ್ಟೇಜ್ ಏರಿದರೆ ಕರೆಂಟನ್ನೂ ಜಾಸ್ತಿ ಎಳೆಯುತ್ತವೆ. ಈ ರಾಡೇ 250ರಲ್ಲಿ 7 ಆಂಪಿಯರ್ ದಾಟುತ್ತದೆ. ಇನ್ವರ್ಟರ್ ಎಸಿ ಇದಕ್ಕೆ ತದ್ವಿರುದ್ಧ, ವೋಲ್ಟೇಜ್ ಇಳಿದರೆ ಜಾಸ್ತಿ ಎಳೆಯುತ್ತದೆ. ಆದ್ದರಿಂದ ಲೆಕ್ಕದಲ್ಲಿ ಸ್ವಲ್ಪ ಜಾಗ ಬಿಡಿ. 1380 ಅಂತ ಹೇಳಿದೆ, ನಾನಾದರೆ ಸಣ್ಣ ಸಾಕೆಟ್ಟಿಗೆ 1000 ವ್ಯಾಟಿನ ಮೇಲೆ ಯಾವುದನ್ನೂ ಹೆಚ್ಚು ಹೊತ್ತು ಓಡಿಸುವುದಿಲ್ಲ.

ತಿಂಗಳಿಗೊಮ್ಮೆ ಮಾಡಬೇಕಾದ ಪರೀಕ್ಷೆ ಬಹಳ ಸುಲಭ. ಗೀಸರೋ ಇಂಡಕ್ಷನ್ನೋ ಹದಿನೈದು ನಿಮಿಷ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ, ಟಾಪ್ ಹೊರಗೆ ತೆಗೆದು ಅದರ ಪ್ಲಾಸ್ಟಿಕ್ ಭಾಗವನ್ನು ಅಂಗೈಯಲ್ಲಿ ಹಿಡಿಯಿರಿ. ಬೆಚ್ಚಗಿದ್ದರೆ ಪರವಾಗಿಲ್ಲ. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಅದು ಎಚ್ಚರಿಕೆ. ಪಿನ್ ಮಾತ್ರ ಮುಟ್ಟಬೇಡಿ, ಚರ್ಮ ಸುಡುತ್ತದೆ. ಸೀದ ವಾಸನೆ ಬಂದರೆ ಟಾಪ್ ಒಂದನ್ನೇ ಬದಲಾಯಿಸಿ ಸುಮ್ಮನಾಗಬೇಡಿ, ಸಾಕೆಟ್ಟನ್ನೂ ಬದಲಾಯಿಸಿ. ಸಾಕೆಟ್ಟಿನ ಹಿಡಿತ ಆಗಲೇ ಹೋಗಿರುತ್ತದೆ, ಹೊಸ ಟಾಪನ್ನೂ ಅದು ಸುಡುತ್ತದೆ. ಹೊಸದು ಕೊಳ್ಳುವಾಗ ಐಎಸ್‌ಐ ಗುರುತು, ಐಎಸ್ 1293 ಸಂಖ್ಯೆ ನೋಡಿ.

ಮುಂದಿನ ಸಾಲಿನ ಅಮ್ಮ ಕೇಳುತ್ತಿದ್ದಾರೆ: "ನಮ್ಮದು ಬಾಡಿಗೆ ಮನೆ, ಅಡುಗೆಮನೆಯಲ್ಲಿ ಬರೀ ಸಣ್ಣ ಸಾಕೆಟ್ಟೇ ಇರುವುದು. ಗೋಡೆ ಒಡೆಯೋಕೆ ಓನರ್ ಬಿಡಲ್ಲ. ನಾವೇನು ಮಾಡಬೇಕು?"

ಗೋಡೆ ಒಡೆಯುವುದು ಬೇಡ ಅಮ್ಮ. ಮೇನ್ ಬೋರ್ಡಿನಿಂದ ಗೋಡೆಯ ಮೇಲೆಯೇ ಪಿವಿಸಿ ಪಟ್ಟಿಯೊಳಗೆ ಎರಡೂವರೆ ಸ್ಕ್ವೇರ್ ವೈರ್ ತಂದು ಒಂದು ಪವರ್ ಪಾಯಿಂಟ್ ಕೊಡಬಹುದು. ಲೈಸೆನ್ಸ್ ಇರುವವರ ಕೈಲಿ ಅರ್ಧ ದಿನದ ಕೆಲಸ. ಓನರಿಗೆ ಹೇಳಿ, ಖರ್ಚು ಹಂಚಿಕೊಳ್ಳುತ್ತೇವೆ ಅನ್ನಿ, ಹೆಚ್ಚಿನವರು ಒಪ್ಪುತ್ತಾರೆ. ಅದೂ ಆಗದಿದ್ದರೆ ಸಾಮಾನು ಕೊಳ್ಳುವಾಗಲೇ ಸಣ್ಣದು ಆರಿಸಿ. 1000 ವ್ಯಾಟಿನ ರಾಡ್ ಸಿಗುತ್ತದೆ, 1000 ವ್ಯಾಟಿನ ಕೆಟಲ್ಲೂ ಸಿಗುತ್ತದೆ. ಐದು ನಿಮಿಷ ಜಾಸ್ತಿ ಕಾಯಬೇಕು ಅಷ್ಟೇ. ಆದರೆ 2000 ವ್ಯಾಟಿನ ಇಂಡಕ್ಷನ್ ತಂದು 800ರಲ್ಲಿ ಇಡುತ್ತೇನೆ ಅಂದರೆ ಒಪ್ಪುವುದಿಲ್ಲ. ಕೆಲವು ಸ್ಟೌವ್‌ಗಳು ಕಡಿಮೆ ಸೆಟ್ಟಿಂಗಿನಲ್ಲೂ ಅದಕ್ಕಿಂತ ಜಾಸ್ತಿ ಕರೆಂಟನ್ನೇ ಎಳೆದು, ನಿಲ್ಲಿಸಿ, ಮತ್ತೆ ಎಳೆಯುತ್ತವೆ. ಮೇಲಾಗಿ ಅವಸರದ ದಿನ ಯಾರೋ ಒಬ್ಬರು ಬಟನ್ ಒತ್ತಿ 2000ಕ್ಕೆ ಏರಿಸಿಯೇ ಏರಿಸುತ್ತಾರೆ.